ಟೀವಿಯ ಆ ಮನೆಹಾಳಿ

ಕೊಯ್ದ ಹಸಿ ಆಲೂಗೆಡ್ಡೆಯ ವಾಸನೆ ಬಂದರೆ ಇವತ್ತಿಗೂ ನನಗೆ ನೆನಪಾಗುವುದು ಅಡುಗೆಮನೆಯಲ್ಲ, ಟೀವಿ. ಸಾಲಗಾಮೆ ಕಡೆಯ ನಮ್ಮ ಹಳೇಮನೆಯಲ್ಲಿ ಮುಂಗಾರಿಗೆ ಮುಂಚೆ ಬಿತ್ತನೆ ಗೆಡ್ಡೆಯ ಮೂಟೆಗಳು ನಡುಮನೆಗೆ ಬಂದು ಬೀಳುತ್ತಿದ್ದವು. ಸಂಜೆಯಾದರೆ ಅಜ್ಜಿ, ಅಮ್ಮ, ಜಯತ್ತೆ, ನೆರೆಮನೆ ಹೆಂಗಸರು ಸುತ್ತ ಕೂತು, ತುಂಡಿಗೊಂದು ಮೊಳಕೆಯ ಕಣ್ಣು ಉಳಿಯುವ ಹಾಗೆ ಗೆಡ್ಡೆ ಕೊಯ್ಯುತ್ತ ಧಾರಾವಾಹಿ ನೋಡುತ್ತಿದ್ದರು. ನಿಮ್ಮ ಮನೆಯಲ್ಲೂ ಅಂಥ ಸಂಜೆಗಳಿದ್ದಿರಬೇಕು. ಆ ಧಾರಾವಾಹಿಯಲ್ಲಿ ಒಳ್ಳೆಯ ಸೊಸೆಯೊಬ್ಬಳು, ಕಂತು ತಪ್ಪದೆ ಅಳುತ್ತಿದ್ದಳು. ಅವಳ ಓರಗಿತ್ತಿ ದೊಡ್ಡ ಕಂಪನಿ ನಡೆಸುತ್ತಿದ್ದಳು, ಆದ್ದರಿಂದ ಕೆಟ್ಟವಳು. ಆಕೆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಹುಬ್ಬೇರಿಸಿದರೆ ಹಿಂದೆ ಗುಡುಗು ಸಿಡಿಲು. ಅಜ್ಜಿ ಅವಳನ್ನು ದಿನಾ ಮನೆಹಾಳಿ ಎಂದು ಬಯ್ಯುತ್ತಿದ್ದಳು.

ಜಯತ್ತೆ ಅಪ್ಪನ ತಂಗಿ, ಗಂಡ ತೀರಿಕೊಂಡ ಮೇಲೆ ಚನ್ನರಾಯಪಟ್ಟಣದಿಂದ ತೌರಿಗೆ ಬಂದು ಹಸು ಕಟ್ಟಿದವಳು. ಆ ವರ್ಷ ಊರಿನ ಹಾಲಿನ ಡೈರಿಗೆ ಹೆಂಗಸರೇ ಅಧ್ಯಕ್ಷರಾಗಬೇಕೆಂದಾಯಿತು. ಅತ್ತೆಯನ್ನು ಆರಿಸಿದರು. ಆದರೆ ಊರವರ ಲೆಕ್ಕ ಬೇರೆ: ಹೆಸರು ಅವಳದು, ಕುರ್ಚಿ ಅಪ್ಪನದು. ಅಪ್ಪ ಕೆಟ್ಟವನಲ್ಲ, ತಂಗಿಗೆ ಉಪಕಾರ ಮಾಡುತ್ತಿದ್ದೇನೆಂದೇ ನಂಬಿದ್ದ. ಅತ್ತೆಗೋ ಆ ಕುರ್ಚಿ ನಿಜವಾಗಿ ಬೇಕಿತ್ತು. ಹಾಲು ಹಾಕಲು ಬಂದ ಕೂಲಿಮನೆ ಹೆಂಗಸರನ್ನು ಸಾಲಿನ ಕೊನೆಗೆ ತಳ್ಳುವುದನ್ನು ನಿಲ್ಲಿಸಬೇಕೆಂದು ಅವಳಿಗೆ ಹಟ. ಒಂದು ಸಂಜೆ ಬಾಯಿಬಿಟ್ಟು ಹೇಳಿಯೂ ಹೇಳಿದಳು. ಅಪ್ಪ ಟೀವಿಯತ್ತ ಕೈತೋರಿಸಿ, "ಅಧಿಕಾರ ಸಿಕ್ಕಿದ್ ಎಂಗಸ್ರು ಅಂಗಾಯ್ತಾರೆ, ನೋಡು. ನೀನು ಸೈನ್ ಆಕು ಸಾಕು, ಮಿಕ್ಕಿದ್ದ ನಾನ್ ನೋಡ್ಕತೀನಿ," ಎಂದು ಎದ್ದುಹೋದ. ಅತ್ತೆ ತಲೆ ತಗ್ಗಿಸಿದಳು.

ಅಜ್ಜಿ ಚಾಕು ಕೆಳಗಿಟ್ಟಳು. "ಆ ಮನೆಹಾಳಿ ಕೂರ್ತಾಳಲ್ಲ, ಅಂಗೆ ಓಗಿ ಕೂತ್ಕ. ಅಳ್ತಾ ನಿಂತೋಳ್ಗೆ ಯಾರೂ ಕುರ್ಚಿ ಬುಡಾಕಿಲ್ಲ ಕಣವ್ವ," ಎಂದಳು.

ನಮಗೆ ಗೊತ್ತಿದ್ದ ಅಧಿಕಾರದ ಹೆಂಗಸು ಟೀವಿಯ ಆ ಓರಗಿತ್ತಿಯೊಬ್ಬಳೇ, ಹಾಗಾಗಿ ಅವಳನ್ನೇ ಗುರು ಮಾಡಿಕೊಂಡೆವು. ಗೆಡ್ಡೆ ಮೂಟೆಯ ಮೇಲೆ ಅತ್ತೆಯನ್ನು ಕೂರಿಸಿ ಕಾಲ ಮೇಲೆ ಕಾಲು ಹಾಕಿಸಿದೆವು. ಒಂದು ಹುಬ್ಬು ಏರಿಸಲು ಹೋದರೆ ಅವಳಿಗೆ ಎರಡೂ ಏರುತ್ತಿದ್ದವು. ಅಮ್ಮ ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮೀಟಿಂಗಿನ ದಿನ ಅತ್ತೆ ಎಲ್ಲರಿಗಿಂತ ಮೊದಲೇ ಹೋಗಿ ಕೂತುಬಿಟ್ಟಳು. ಜೊತೆಗೆ ಹೋಗಿದ್ದ ನಾನು ನೋಡುತ್ತೇನೆ, ಕಾಲ ಮೇಲೆ ಕಾಲಿಲ್ಲ, ಏರಿಸಿದ ಹುಬ್ಬೂ ಇಲ್ಲ. ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಅಪ್ಪ ಬಂದವನು ಕುರ್ಚಿಯ ಮುಂದೆ ನಿಂತ. "ಬೆಂಚೈತೆ, ಕೂತ್ಕಳಣ್ಣ," ಎಂದಳು ಅತ್ತೆ, ಮೆಲ್ಲಗೆ. ಅಪ್ಪ ಅವಳ ಮುಖವನ್ನೇ ನೋಡಿದ, ಆಮೇಲೆ ಹೋಗಿ ಬೆಂಚಿನಲ್ಲಿ ಕೂತ. ಮಾರನೆಯ ದಿನದಿಂದ ಮೊದಲು ಬಂದವರ ಹಾಲು ಮೊದಲು.

ಆ ಮನೆ ಪಾಲಾಗಿ, ನಡುಮನೆ ಬಿದ್ದುಹೋಯಿತು. ಗೆಡ್ಡೆ ಬಿಟ್ಟು ಎಲ್ಲರೂ ಜೋಳ, ಶುಂಠಿ ಹಿಡಿದರು. ಅಜ್ಜಿಯೂ ಇಲ್ಲ. ನನಗೆ ಅದೆಲ್ಲ ಬೇಕೆನಿಸುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಈಗ ಡೈರಿಯ ಕುರ್ಚಿಯಲ್ಲಿ ಕೂಲಿಮನೆಯ ಹೆಂಗಸೊಬ್ಬಳು ಕೂರುತ್ತಾಳೆ. ಮೀಟಿಂಗಿನ ಹೊತ್ತಿಗೆ ಅವಳ ಗಂಡ ಮನೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿರುತ್ತಾನೆ.

ಅತ್ತೆ ಅಧ್ಯಕ್ಷೆಯಾಗಿದ್ದ ಕಾಲದಲ್ಲೇ ಬಂದ ಆ ಧಾರಾವಾಹಿಯ ಕೊನೆಯ ಕಂತಿನಲ್ಲಿ ಓರಗಿತ್ತಿ ಕಂಪನಿ ಬಿಟ್ಟುಕೊಟ್ಟು, ಸೊಸೆಯ ಕಾಲಿಗೆ ಬಿದ್ದು ಅತ್ತಳು. ನೆರೆಮನೆಯವರು ಸಂತೋಷದಿಂದ ಕಣ್ಣೊರೆಸಿಕೊಂಡರು. ಅಜ್ಜಿಗೆ ಮಾತ್ರ ಸಿಟ್ಟು ಬಂತು.

"ಇದ ಬರ್ದೋನ್ಗೆ ಗ್ಯಾನ ಇಲ್ಲ. ಇವ್ಳೂ ಅಳ್ತಾ ಕೂತ್ರೆ ನಾಳಿಂದ ಕಂಪನಿ ನಡ್ಸೋರ್ಯಾರು?"

ಅತ್ತೆ ಇನ್ನೂ ಡೈರಿಯಿಂದ ಬಂದಿರಲಿಲ್ಲ.