ಗಾಡಿ ನೋಡುವ ಶಾಸ್ತ್ರ

ಬೆಂಡೆಕಾಯಿಯ ತುದಿ ಮುರಿಯದೆ ಅದನ್ನು ಕೊಳ್ಳುವುದು ನನ್ನ ಜಾಯಮಾನದಲ್ಲೇ ಇಲ್ಲ. ನಾನು ಬುಟ್ಟಿಯ ಕಡೆ ಕೈಚಾಚಿದರೆ ಸಾಕು, ಸಿಡ್ನಿಯ ಪೆಂಡಲ್ ಹಿಲ್ ಸ್ಟೇಷನ್ನಿನ ಪಕ್ಕದ ಅಂಗಡಿಯಾತ ಗಲ್ಲಾದ ಹಿಂದಿನಿಂದಲೇ "ಅಂಕಲ್, ತೋಡ್‌ನಾ ಮನಾ ಹೈ", ಮುರಿಯಬಾರದು, ಎಂದು ಕೂಗುತ್ತಾನೆ. ನಾನು ಕೇಳಿಸದವನಂತೆ ಇನ್ನೆರಡು ಮುರಿಯುತ್ತೇನೆ. ಕೊನೆಗೆ ಅವನ್ನೆಲ್ಲ ಅಲ್ಲೇ ಬಿಟ್ಟು ಬೀನ್ಸ್ ತರುತ್ತೇನೆ. ಇಂಥ ಮನುಷ್ಯನ ಪಾಲಿಗೆ, ರಿಟೈರ್ ಆದ ಮೇಲೆ, ಚಕ್ರದ ಮೇಲೆ ಓಡಾಡುವ ಮನೆಯೊಂದನ್ನು ಆರಿಸುವ ಕೆಲಸ ಬಂತೆಂದರೆ ದೇವರಿಗೂ ಹಾಸ್ಯಪ್ರಜ್ಞೆ ಇದೆ ಎಂದೇ ಅರ್ಥ.

ಆಸೆ ನನ್ನದಲ್ಲ, ನನ್ನ ಹೆಂಡತಿ ವಿಮಲಳದು. ಮೈಸೂರಿನಿಂದ ಸಿಡ್ನಿಗೆ ಬಂದು ನಮ್ಮ ತಲೆ ನೆರೆತಿದೆ. ಆದರೆ ಸಿಕ್ಕ ರಜೆಯೆಲ್ಲ ಊರಿನ ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಹಾರುವುದರಲ್ಲೇ ಕಳೆದುಹೋಯಿತು. ಆಸ್ಟ್ರೇಲಿಯಾದಲ್ಲಿ ನಮಗೆ ಗೊತ್ತಿದ್ದದ್ದು ಎರಡೇ ದಾರಿ: ಒಂದು ಏರ್‌ಪೋರ್ಟಿನದು, ಇನ್ನೊಂದು ಮೆಲ್ಬರ್ನಿನದು. ಒಂದು ಮಂಡಿಯ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದ ವಿಮಲಾ ಕಾಫಿ ಲೋಟ ಕೆಳಗಿಟ್ಟು ಹೇಳಿದಳು: "ರೀ, ಸಿಟಿಜನ್‌ಶಿಪ್ ತಗೊಂಡ್ವಿ, ಮಾರ್ಟ್‌ಗೇಜ್ ತೀರಿಸಿದ್ವಿ. ದೇಶ ನೋಡಿದ್ವಾ? ಇನ್ನೊಂದು ಮಂಡಿ ಸದ್ಯಕ್ಕೆ ಮಾತು ಕೇಳ್ತಿದೆ. ಅದು ಮುಷ್ಕರ ಹೂಡೋದ್ರೊಳಗೆ ಹೊರಡೋಣ."

ಅವಳ ಷರತ್ತು ಎರಡು. ಹಾಸಿಗೆ ಸ್ವಂತದ್ದಾಗಿರಬೇಕು, ಅಡುಗೆಮನೆ ಸ್ವಂತದ್ದಾಗಿರಬೇಕು. ದಾರಿಯುದ್ದಕ್ಕೂ ಆಲೂಗಡ್ಡೆ ಚಿಪ್ಸ್ ತಿಂದುಕೊಂಡು ಬದುಕುವ ವಯಸ್ಸು ದಾಟಿತ್ತು. ಹಾಗಾಗಿ ನಮ್ಮ ಕಣ್ಣು 'ಫಿಫ್ತ್ ವೀಲ್' ಎಂಬ ಕ್ಯಾರವಾನಿನ ಮೇಲೆ ಬಿತ್ತು. ಇದು ಕಾರಿನ ಬಾಲಕ್ಕೆ ಕಟ್ಟುವ ಗಾಡಿಯಲ್ಲ. ಇದರ ಮೂತಿ ಯೂಟಿನ, ಅಂದರೆ ಹಿಂಬದಿ ತೆರೆದ ಪಿಕಪ್ ಗಾಡಿಯ, ಬೆನ್ನ ಮೇಲೇ ಏರಿ ಕೂರುತ್ತದೆ. ಆ ಮೂತಿಯ ಭಾಗದಲ್ಲಿ ಮಲಗುವ ಕೋಣೆ, ಕೆಳಗೆ ಅಡುಗೆಮನೆ, ಹಿಂದೆ ಸೋಫಾ. ಐದನೆಯ ಚಕ್ರ ಎಲ್ಲಿದೆ ಎಂದು ಬಗ್ಗಿ ಹುಡುಕಬೇಡಿ, ನಾನು ಹುಡುಕಿಯಾಗಿದೆ. ಹಿಂದಿನ ಕಾಲದ ಕುದುರೆ ಸಾರೋಟುಗಳಲ್ಲಿ ಮುಂದಿನ ಅಚ್ಚು ತಿರುಗಲೆಂದು ಅಡ್ಡಡ್ಡವಾಗಿ ಒಂದು ಬಳೆ ಕೂರಿಸುತ್ತಿದ್ದರಂತೆ. ನಾಲ್ಕು ಚಕ್ರ ಉರುಳುತ್ತಿದ್ದರೆ ಈ ಐದನೆಯದು ಮಲಗಿಕೊಂಡೇ ದಾರಿ ತಿರುಗಿಸುತ್ತಿತ್ತು. ಮನೆಯಲ್ಲಿ ನನ್ನ ಸ್ಥಾನವೂ ಹೆಚ್ಚುಕಡಿಮೆ ಅದೇ ಎಂದು ನಾನು ನಂಬಿದ್ದೆ. ದಾರಿ ತಿರುಗಿಸುವ ವಿಷಯ ವಿಮಲಾ ಒಪ್ಪುವುದಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನೇ ಒಂದು ಯೂಟಿಗೆ ಮದುವೆ ಮಾಡಿಕೊಡುವ ಸಂದರ್ಭ ಬರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಗಂಡು ಆಗಲೇ ಮನೆಗೆ ಬಂದಿತ್ತು. ಆ ದೈತ್ಯ ಯೂಟನ್ನು ನಾನು ಮೊದಲೇ ಕೊಂಡು, ಅದರಲ್ಲಿ ಅಕ್ಕಿ ಮೂಟೆ ತರುತ್ತಿದ್ದೆ. ಉಳಿದದ್ದು ಹೆಣ್ಣು ನೋಡುವುದು. ನನಗೆ ತಿಳಿದಿದ್ದ ಶಾಸ್ತ್ರವೂ ಅದೊಂದೇ. ಗಾಡಿ ಹೇಗೆ ಕಟ್ಟಿದ್ದಾರೆ ಎನ್ನುವುದು ಹುಡುಗಿಯ ಗುಣ. ಕೊಂಡ ಮೇಲೆ ಡೀಲರ್ ಹೇಗೆ ನೋಡಿಕೊಳ್ಳುತ್ತಾನೆ ಎನ್ನುವುದು ಬೀಗರ ಮನೆತನ. ಎರಡೂ ವಿಚಾರಿಸದೆ ಯಾರಾದರೂ ತಾಂಬೂಲ ಬದಲಾಯಿಸುತ್ತಾರೆಯೇ?

ರೈಲು ಬೋಗಿಗಳ ರಿಪೇರಿ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದವನು ನಾನು, ವಿಚಾರಣೆಯಲ್ಲಿ ಕೊರತೆ ಮಾಡಲಿಲ್ಲ. ಸಿಡ್ನಿಯ ಸುತ್ತಲಿನ ಡೀಲರುಗಳ ಅಂಗಳದಲ್ಲಿ ಗೋಡೆಗಳನ್ನು ತೆಂಗಿನಕಾಯಿಯಂತೆ ತಟ್ಟಿ ಕಿವಿಗೊಟ್ಟೆ. ಅಂಗಾತ ಮಲಗಿ ಚಾಸಿಯ ವೆಲ್ಡಿಂಗ್ ನೋಡಿದೆ. ವಿಮಲಳ ಐದು ಲೀಟರಿನ ಕುಕ್ಕರನ್ನು ಚೀಲದಲ್ಲಿ ಒಯ್ದು ಪ್ರತಿ ಕಪಾಟಿನಲ್ಲೂ ಇಟ್ಟು ಬಾಗಿಲು ಮುಚ್ಚಿದೆ. ಅವಳು ಆ ಹೊತ್ತಿಗೆ ಅಂಗಳದ ಇನ್ನೊಂದು ತುದಿಗೆ ಹೋಗಿ ಆಕಾಶ ನೋಡುತ್ತಿದ್ದಳು.

ಬ್ರ್ಯಾಂಡುಗಳ ಹೆಸರು ಹೇಳಲಾರೆ, ಹೆಣ್ಣುಮಕ್ಕಳ ವಿಷಯ. ಅಮೆರಿಕದಿಂದ ಬಂದ ಒಬ್ಬಳಿದ್ದಳು, ಬಲು ಬೆಡಗಿ. ಒಳಗೆ ಅಗ್ಗಿಷ್ಟಿಕೆ, ಅದರಲ್ಲಿ ಪ್ಲಾಸ್ಟಿಕ್ ಬೆಂಕಿ. ಆದರೆ ಗೋಡೆಯ ಪಟ್ಟಿಯನ್ನು ಉಗುರಿನಿಂದ ಎತ್ತಿದರೆ ಎದ್ದು ಬರುತ್ತಿತ್ತು, ಮರದ ಮೇಲೆ ಸ್ಟೇಪ್ಲರ್ ಪಿನ್ನು. ಸಾಲದ್ದಕ್ಕೆ ಬಾಗಿಲು ಅವರ ದೇಶದ ರೂಢಿಯಂತೆ ಬಲಗಡೆ. ಇಲ್ಲಿ ರಸ್ತೆ ಬದಿ ನಿಲ್ಲಿಸಿ ಇಳಿದರೆ ನೇರ ಲಾರಿಯ ಕೆಳಗೆ. ಅವಳ ಡೀಲರ್ ಮಾತ್ರ ದೇವರಂಥವನು, ಎರಡು ಸಲ ಕಾಫಿ ಕೊಟ್ಟ. ಮೆಲ್ಬರ್ನಿನಲ್ಲೇ ಹುಟ್ಟಿದ ಇನ್ನೊಬ್ಬಳು ಗಟ್ಟಿಗಿತ್ತಿ. ಅಲ್ಯೂಮಿನಿಯಂ ಮೈಕಟ್ಟು, ಒಂದೊಂದು ಬೆಸುಗೆಯೂ ಹಾರದ ಮಣಿ. ಆದರೆ ಸಿಡ್ನಿಯಲ್ಲಿ ಅವಳ ಕಡೆಯವರು ಫೋನ್ ಎತ್ತುತ್ತಿರಲಿಲ್ಲ. ಹುಡುಗಿ ಲಕ್ಷಣವಾಗಿದ್ದರೆ ಬೀಗರು ಜೋರು, ಬೀಗರು ಒಳ್ಳೆಯವರಾದರೆ ಹುಡುಗಿಯ ಚಾವಣಿ ಸೋರುತ್ತದೆ. ಪ್ರಪಂಚ ನಡೆಯುತ್ತಿರುವುದೇ ಹೀಗೆ.

ಇಲ್ಲಿ ನನ್ನಿಂದ ಒಂದು ಅಚಾತುರ್ಯವಾಯಿತು. ಉಪ್ಪಿಟ್ಟು ಕೇಸರಿಬಾತು ತಿಂದು ಎದ್ದ ಮೇಲೆ ನಮ್ಮವರು "ಬೇಡ" ಎನ್ನುತ್ತಾರೆಯೇ? "ಊರಿಗೆ ಹೋಗಿ ತಿಳಿಸ್ತೀವಿ" ಎನ್ನುತ್ತಾರೆ. ಕೇಳಿದವರು ಅರ್ಥ ಮಾಡಿಕೊಂಡು ಬೇರೆ ಗಂಡು ಹುಡುಕುತ್ತಾರೆ. ನಾನೂ ಪ್ರತಿ ಅಂಗಳದಲ್ಲಿ ಕೈಮುಗಿಯುವುದೊಂದು ಬಿಟ್ಟು ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ಬಂದೆ. ಅಯ್ಯೋ, ಆ ಪುಣ್ಯಾತ್ಮರು ಅದನ್ನು ನಂಬಿಬಿಟ್ಟರು! ತಿಳಿಸುತ್ತಾರೆಂದು ಕಾದರು, ತಿಳಿಸದಿದ್ದಾಗ ಫೋನ್ ಮಾಡಿದರು. ಸತ್ಯನಾರಾಯಣ ಪೂಜೆಯ ನಡುವೆಯೂ ಮಾಡಿದರು. ನಾನು "ಇನ್ನೂ ನೋಡುತ್ತಿದ್ದೇವೆ" ಎನ್ನುವುದು, ವಿಮಲಾ ನನ್ನ ಮುಖ ನೋಡುವುದು. ಹೀಗೆಯೇ ಒಂದು ಚಳಿಗಾಲ ದಾಟಿತು, ಇನ್ನೊಂದೂ ದಾಟಿತು. ಅವಳು ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯತೊಡಗಿದ್ದಳು. ನಾನು ಆಗ ಚಾವಣಿಯ ಅಂಟುಗಳ ಗುಣಾವಗುಣ ಓದುತ್ತಿದ್ದೆ.

ಆಗ ನೆನಪಾದವರು ಮೆಲ್ಬರ್ನ್ ಬಳಿಯ ವೆರಿಬೀಯ ಸದಾನಂದ ಶೆಟ್ಟರು. ಉಡುಪಿ ಕಡೆಯವರು, ಹಳೆಯ ಸ್ನೇಹಿತರು, ಫಿಫ್ತ್ ವೀಲ್ ಕೊಂಡು ಐದಾರು ವರ್ಷವಾದವರು. ಅನುಭವಸ್ಥರ ಮಾತಿಗಿಂತ ದೊಡ್ಡ ಪ್ರಮಾಣವಿಲ್ಲವೆಂದು ಇಬ್ಬರೂ ಮೆಲ್ಬರ್ನಿಗೆ ಹೊರಟೆವು, ಗೊತ್ತಿದ್ದ ಎರಡನೆಯ ದಾರಿಯಲ್ಲಿ. ಶೆಟ್ಟರ ಮನೆಯ ಪಕ್ಕದಲ್ಲಿ ಗಾಡಿ ಥಳಥಳ ಹೊಳೆಯುತ್ತಿತ್ತು.

"ಎಂಥ ಬಿಲ್ಡ್ ಮಾರಾಯ್ರೆ!" ಎಂದು ಶೆಟ್ಟರು ಅದರ ಬೆನ್ನು ಚಪ್ಪರಿಸಿದರು. "ಇಷ್ಟು ವರ್ಷ ಆಯ್ತು, ಒಂದು ಸ್ಕ್ರೂ ಲೂಸ್ ಆಗ್ಲಿಲ್ಲ. ಡೀಲರಿಗೆ ಒಂದು ಫೋನ್ ಸಹ ಮಾಡ್ಬೇಕಾಗಿ ಬರ್ಲಿಲ್ಲ ನನಗೆ."

ನಾನು ತಲೆದೂಗಿದೆ. ಗುಣವೂ ಉಂಟು, ಬೀಗರ ಕಾಟವೂ ಇಲ್ಲ, ಕೊನೆಗೂ ಸಿಕ್ಕಿತು ಎಂದುಕೊಂಡೆ. ವಿಮಲಾ ಒಳಗೆ ಹೋಗಿ ಸೋಫಾದ ಮೇಲೆ ಕೂತಳು. ಚರಚರ ಸದ್ದಾಯಿತು. ಅಂಗಡಿಯಿಂದ ಬಂದಾಗ ಹೊದಿಸಿದ್ದ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ.

"ಎಲ್ಲೆಲ್ಲಿ ಹೋಗಿ ಬಂದ್ರಿ ಇದರಲ್ಲಿ?" ಎಂದು ಕೇಳಿದಳು.

"ಹೋಗ್ಲಿಕ್ಕೆ ಪುರುಸೊತ್ತು ಬೇಕಲ್ಲ ವಿಮಲಕ್ಕ? ಒಮ್ಮೆ ಕ್ರಾನ್‌ಬರ್ನಿಗೆ ಅಂದ್ರೆ ಇದೇ ಊರಿನ ಆ ತುದಿಗೆ, ತಮ್ಮನ ಮನೆಗೆ ತಗೊಂಡು ಹೋದದ್ದು. ಅಲ್ಲಿ ತಿರುಗಿಸ್ಲಿಕ್ಕೆ ಜಾಗ ಸಿಗ್ಲಿಲ್ಲ, ಹಾಗೇ ವಾಪಸ್ ಬಂದೆ. ಈಗ ಊರಿಂದ ಯಾರಾದ್ರೂ ಬಂದ್ರೆ ಮಲಗ್ತಾರೆ."

ಶೆಟ್ಟರು ಇದನ್ನು ಸ್ವಲ್ಪವೂ ಬೇಸರವಿಲ್ಲದೆ ಹೇಳಿದರು. ನನಗೂ ಆ ಕ್ಷಣಕ್ಕೆ ಇದರಲ್ಲೇನೂ ತಪ್ಪು ಕಾಣಲಿಲ್ಲ. ಅಲುಗದ ಸ್ಕ್ರೂ ಎಂದರೆ ಅಲುಗದ ಸ್ಕ್ರೂ. ಆ ರಾತ್ರಿ ಶೆಟ್ಟರಲ್ಲೇ ನೀರುದೋಸೆ ತಿಂದು ಮಲಗಿದೆವು. ಮಾರನೆಯ ಬೆಳಿಗ್ಗೆ ಡೀಲರ್ ಒಬ್ಬನ ಅಂಗಳಕ್ಕೆ ಹೋಗುವ ದಾರಿಯಲ್ಲಿ ವಿಮಲಾ ಹೇಳಿದಳು.

"ಇವತ್ತು 'ತಿಳಿಸ್ತೀವಿ' ಅನ್ನೋ ಮಾತು ನಿಮ್ಮ ಬಾಯಿಂದ ಬಂದ್ರೆ, ನಾನು ಕೋಚ್ ಟೂರ್ ಬುಕ್ ಮಾಡ್ತೀನಿ. ಒಂದೇ ಸೀಟು."

ತಮಾಷೆಗೆ ಹೇಳುವಾಗ ಅವಳ ಮೂಗಿನ ತುದಿ ಅಲುಗುತ್ತದೆ. ಅಂದು ಅಲುಗಲಿಲ್ಲ.

ಡೀಲರ್ ಬಿಸಿಲಿಗೆ ಕೆಂಪಾದ ಹಿರಿಯ. ನಾನು ಚೀಲದಿಂದ ಕುಕ್ಕರ್ ತೆಗೆಯುವ ಮೊದಲೇ, ಕೈಕುಲುಕುತ್ತ ಆತ ಬಹಳ ಸಾಧಾರಣವಾದ ಪ್ರಶ್ನೆ ಕೇಳಿದ: ಎಲ್ಲಿಗೆ ಹೋಗಬೇಕೆಂದಿದ್ದೀರಿ?

ಚಾಸಿ, ಸ್ಪ್ರಿಂಗು, ವಾರಂಟಿ, ಎಲ್ಲದರ ಬಗ್ಗೆಯೂ ನನ್ನ ಹತ್ತಿರ ಮಾತಿತ್ತು. ಆದರೆ ಅಷ್ಟು ದಿನ ಗಾಡಿ ನೋಡಿದವನು ಎಲ್ಲಿಗೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ವಿಮಲಳ ಕಡೆ ನೋಡಿದೆ. ಅವಳು ಆಗಲೇ ಹೇಳತೊಡಗಿದ್ದಳು. ಸೆಖೆಗೆ ಹೆದರಿ ಜನ ನೆಲದೊಳಗೆ ಮನೆ ಕೊರೆದುಕೊಂಡಿರುವ ಕೂಬರ್ ಪೀಡಿ. ಯಾವಾಗಲೋ ಒಮ್ಮೆ ನೀರು ತುಂಬಿ ಹಕ್ಕಿಗಳನ್ನು ಕರೆಸಿಕೊಳ್ಳುವ ಉಪ್ಪಿನ ಸರೋವರ. ಮರವೇ ಇಲ್ಲದ ನಲ್ಲಾರ್ಬೊರ್ ಬಯಲು. ಬ್ರೂಮಿನ ಕೆಂಪು ದಡ. ಯಾವ ತಿಂಗಳಲ್ಲಿ ಯಾವ ದಾರಿ ಒಣಗಿರುತ್ತದೆ ಎಂಬುದೂ ಅವಳಿಗೆ ಬಾಯಿಪಾಠ. ಆತ ಕುರ್ಚಿ ಎಳೆದುಕೊಂಡು ಕೂತು ಕೇಳಿದ. ನಾನು ಕುಕ್ಕರಿನ ಚೀಲ ಹಿಡಿದುಕೊಂಡು ನಿಂತೇ ಕೇಳಿದೆ. ಒಂದೇ ಮನೆಯಲ್ಲಿದ್ದೂ ಇದಿಷ್ಟು ನನಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ಸಿದ್ಧವಾಗಿ ನಿಂತಿದ್ದ ಗಾಡಿಯನ್ನು, ಗೋಡೆ ತಟ್ಟದೆ, ಆವತ್ತೇ ಒಪ್ಪಿಕೊಂಡೆವು.

ಈಗ ನೀವು ಕೇಳುವುದು ಗೊತ್ತು: ಗಾಡಿ ಹೇಗಿದೆ? ಸುಮಾರಾಗಿದೆ. ಬ್ರೋಕನ್ ಹಿಲ್ ದಾಟಿ ಜಲ್ಲಿರಸ್ತೆಗೆ ಬಿದ್ದ ದಿನವೇ ಅಡುಗೆಮನೆಯ ಕಪಾಟಿನ ಬಾಗಿಲು ಕಿತ್ತುಕೊಂಡು ಬಂತು. ಸಾರಿನ ಪುಡಿ ಹಾಸಿಗೆಯ ತನಕ ಹೋಗಿತ್ತು. ವಿಮಲಾ ತನ್ನ ಲಂಗದ ಲಾಡಿ ತೆಗೆದು ಬಾಗಿಲನ್ನು ಬಿಗಿದು ಕಟ್ಟಿದಳು. ನನ್ನ ಎಂಜಿನಿಯರಿಂಗ್ ಪದವಿ ಅದಕ್ಕೆ ಇನ್ನೂ ಉತ್ತಮವಾದ ಉಪಾಯ ಸೂಚಿಸಿಲ್ಲ.

ಆದರೂ ವಾರಂಟಿ ಎಂಬುದೊಂದಿದೆಯಲ್ಲ, ಬಿಡಲು ಮನಸ್ಸು ಬರಲಿಲ್ಲ. ಸಿಗ್ನಲ್ ಸಿಕ್ಕ ಊರಿನಲ್ಲಿ ಡೀಲರಿಗೆ ಫೋನ್ ಮಾಡಿದೆ. ಆಫೀಸಿನ ಹುಡುಗಿ ಬಹಳ ಮರ್ಯಾದೆಯಿಂದ, ಗಾಡಿ ವಾಪಸ್ ತನ್ನಿ, ಪುಕ್ಕಟೆಯಾಗಿ ಸರಿ ಮಾಡಿಕೊಡುತ್ತೇವೆ, ಯಾವಾಗ ಬರುತ್ತೀರಿ ಎಂದಳು. ಇಂಥ ಬೀಗರು ಯಾರಿಗುಂಟು! ನಾನು ಮನಸ್ಸಿನಲ್ಲೇ ಗಾಡಿ ತಿರುಗಿಸಲು ಜಾಗ ಹುಡುಕತೊಡಗಿದ್ದೆ.

"ಯಾವಾಗ ಬರ್ತೀರಿ ಅಂತ ಕೇಳ್ತಿದ್ದಾಳೆ" ಎಂದೆ.

ವಿಮಲಾ ಡ್ರೈವರ್ ಸೀಟಿನಲ್ಲಿದ್ದಳು. ಕನ್ನಡಕ ಸರಿ ಮಾಡಿಕೊಂಡು ಎಂಜಿನ್ ಚಾಲು ಮಾಡಿದಳು.

"ದೇಶ ಮುಗಿದ ಮೇಲೆ ಅನ್ನಿ" ಎಂದಳು.