ಹರಕು ಕಿವಿಯ ಮೇಕೆಯ ಕೊನೆಯ ಸೂಲು

ನಮ್ಮವ್ವನಿಗೆ ಅದೇನು ಹುಚ್ಚು ಹಿಡಿದಿತ್ತೋ, ಪುರವರದ ಕಡೆ ಯಾವ ದೊಡ್ಡಿಯಿಂದ ಮುದಿ ಮೇಕೆ ಕಟುಕನ ಮನೆಗೆ ಹೊರಟಿದೆ ಎಂದರೂ ಓಡಿಹೋಗಿ ಹಗ್ಗ ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಹತ್ತು ಹನ್ನೆರಡು ಸೂಲು ಈದು ಬೆನ್ನು ಕುಸಿದ, ಕೆಚ್ಚಲು ಜೋತುಬಿದ್ದ ಮೇಕೆಗಳು. "ಹೆತ್ತಿದ್ದು ಸಾಕು, ಇನ್ನು ಸುಮ್ಕೆ ತಿಂದ್ಕಂಡು ಬಿದ್ದಿರ್ಲಿ ಬುಡು" ಎನ್ನುತ್ತಿದ್ದಳು. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಕಟ್ಟಿದವರು ಹಲ್ಲಿಲ್ಲದ ಆಡನ್ನು ಕಂಡಿರಲಿಲ್ಲ! ಜಾಲಿಕಾಯಿ ಕುಟ್ಟಿ ತಿನ್ನಿಸಬೇಕಾದವಳು ನಾನು. ಆಗ ನನಗೆ ಇಪ್ಪತ್ತು ದಾಟಿತ್ತು. ಒಂಬತ್ತು ಮಕ್ಕಳಲ್ಲಿ ಕೊನೆಯವಳು, ಮನೆಯಲ್ಲಿ ಉಳಿದವಳು. ಬೈದುಕೊಂಡೇ ಕುಟ್ಟುತ್ತಿದ್ದೆ.

ಒಂದು ದಿನ ಪಕ್ಕದ ಮನೆಯ ಮಾವ ಮಧುಗಿರಿಗೆ ಹೋಗುವಾಗ ತನ್ನ ಹೋತವನ್ನು ನಮ್ಮ ಹಿತ್ತಲಲ್ಲಿ ಕಟ್ಟಿಹೋದ. ಮೇಕೆಗಳು ಅಕಾಲದಲ್ಲಿ ಗಬ್ಬವಾಗದಿರಲೆಂದು ನಮ್ಮ ಕಡೆ ಹೋತದ ಹೊಟ್ಟೆಯಡಿ ಗೋಣಿತಟ್ಟು ಕಟ್ಟುತ್ತಾರೆ. ಅದರ ಹುರಿ ಉಜ್ಜಿ ಚರ್ಮ ಕಿತ್ತುಬಂದಿತ್ತು. ಅಯ್ಯೋ ಪಾಪ ಎಂದು ತಟ್ಟು ಬಿಚ್ಚಿ, ಬೇವಿನೆಣ್ಣೆ ಹಚ್ಚಿ, ಸಂಜೆವರೆಗೂ ಹಾಗೇ ಬಿಟ್ಟೆ. ನಮ್ಮ ಮೇಕೆಗಳು ಅಲ್ಲೇ ಅಡ್ಡಾಡುತ್ತಿದ್ದವು. ಈ ಮುದುಕಿಯರ ಗೊಡವೆ ಇವನಿಗೇಕೆ ಅಂದುಕೊಂಡೆ. ಮಾವ ಬರುವ ಮೊದಲು ಮತ್ತೆ ಕಟ್ಟಿದೆ.

ಮೂರು ತಿಂಗಳಾದ ಮೇಲೆ ಎಲ್ಲಕ್ಕಿಂತ ಹಳೆಯ, ಹರಕು ಕಿವಿಯ ಮೇಕೆಯ ಹೊಟ್ಟೆ ದಪ್ಪವಾಯಿತು. ಅವ್ವನಿಗೆ ಆ ತಟ್ಟಿನ ಮೇಲೆ ಪೂರ್ತಿ ನಂಬಿಕೆ. "ಉಬ್ಬರ ಕಣೇ, ಏನ್ ತಿನ್ನಿಸ್ಬುಟ್ಟೆ?" ಎಂದು ನನ್ನನ್ನೇ ಬೈದು ಓಮದ ನೀರು ಕುಡಿಸಿದಳು. ತಟ್ಟು ಬಿಚ್ಚಿದ್ದನ್ನು ಹೇಳದೆ ನಾನು ಮೇಕೆಯ ಬಾಯಿ ಅಗಲಿಸಿ ಹಿಡಿದುಕೊಂಡೆ. ಕೆಚ್ಚಲು ತುಂಬಿದ ದಿನ ಅವ್ವ ಅದನ್ನು ಮುಟ್ಟಿ ನೋಡಿ ಅಲ್ಲೇ ಕುಸಿದು ಕೂತಳು. ಆಗ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಇದು ತಡ್ಕಳಾಕಿಲ್ಲ" ಎಂದಷ್ಟೇ ಹೇಳಿದಳು. ಅವತ್ತಿನಿಂದ ತನ್ನ ಪಾಲಿನ ಅಂಬಲಿಯನ್ನೂ ಅದಕ್ಕೇ ಕುಡಿಸಿದಳು. ನಾನು ಹುರುಳಿ ಬೇಯಿಸಿ ಹಾಕಿದೆ. ಬದುಕಿಕೊಳ್ಳಲಿ ಎಂದು ಕಂಡಕಂಡ ದೇವರಿಗೆಲ್ಲ ಕೈ ಮುಗಿದೆ.

ಒಂದು ಮಟಮಟ ಮಧ್ಯಾಹ್ನ ನೋವು ಬಂತು. ಮೇಕೆಗೆ ತಿಣುಕಲೂ ತ್ರಾಣವಿರಲಿಲ್ಲ. ಅವ್ವ ಕೈಹಾಕಿ ಮರಿಯನ್ನು ಎಳೆದಳು. ಮರಿ ಬದುಕಿತ್ತು. ಅದನ್ನು ಕಂಡರೆ ಮೇಕೆ ಮುಖ ತಿರುಗಿಸುತ್ತದೆ ಅಂದುಕೊಂಡಿದ್ದೆ. ಅದು ಕತ್ತು ಚಾಚಿ ಮರಿಯನ್ನು ಎರಡು ಸಲ ನೆಕ್ಕಿತು. ಆಮೇಲೆ ತಲೆ ನೆಲಕ್ಕಿಟ್ಟಿತು. ಮತ್ತೆ ಎತ್ತಲಿಲ್ಲ.

"ಮರಿ ಬೇಕಾ ಅಂತ ಇದ್ನ ಯಾರಾದ್ರೂ ಒಂದ್ ಮಾತು ಕೇಳಿದ್ರಾ?" ಅವ್ವ ಕಿರುಚಿದಳು. "ನನ್ನ ಯಾರ್ ಕೇಳಿದ್ರು? ಒಂಬತ್ತು ಸಲಿ, ಒಬ್ರಾದ್ರೂ ಕೇಳಿದ್ರಾ?"

ಹಳೇ ಬಟ್ಟೆ ಹಿಡಿದು ನಿಂತಿದ್ದ ನಾನೇ ಒಂಬತ್ತನೆಯವಳು.

"ಅಂಗಾರೆ ನಾನೂ ಬ್ಯಾಡಾಗಿದ್ನಾ, ಅವ್ವ?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೂಂ ಕಣವ್ವ, ಬ್ಯಾಡಾಗಿದ್ದೆ" ಎಂದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿ, ಮರಿಯನ್ನು ಮಡಿಲಿಗೆ ಹಾಕಿ, ನನ್ನ ತಲೆ ಸವರುತ್ತಾ ಕೂತಳು. ಸಿಟ್ಟು ಮಾಡಿಕೊಳ್ಳಬೇಕೋ, ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.