ಕಸದ ಬುಟ್ಟಿಯ ಫಿಟ್ಟರ್‌ಗಳು

ತೆಲುಗು ಸೀಮೆಯ ಸನತ್‌ನಗರದ ಕಾರ್ಖಾನೆಯೊಂದರಲ್ಲಿ ನೌಕರಿ ಅರ್ಜಿಗಳನ್ನು ಸೋಸುವವರು ವನಜಾ. ಇಂಗ್ಲಿಷ್ ಸ್ಪೆಲಿಂಗ್ ತಪ್ಪಿದ ಅರ್ಜಿಗೆ ಕೆಂಪು ಪೆನ್ಸಿಲ್, ಆಮೇಲೆ ಕಸದ ಬುಟ್ಟಿ. ಹೀಗೆ ಸೋಸಿದಾಗ ವ್ಯಾಕರಣ ಉಳಿಯುತ್ತಿತ್ತು, ಫಿಟ್ಟರ್‌ಗಳು ಸೋರಿಹೋಗುತ್ತಿದ್ದರು.

ಅಂದು ಮ್ಯಾನೇಜರ್ ವಿಮಾನ ಹಿಡಿಯಲು ಬೇಗಂಪೇಟೆಗೆ ಹೊರಟಿದ್ದರು. ಫಿಟ್ಟರ್ ಪರೀಕ್ಷೆಗೆ ಯಾರನ್ನು ಕರೆಯಬೇಕೆಂಬ ಪಟ್ಟಿಗೆ ಅಷ್ಟರೊಳಗೆ ಸಹಿಯಾಗಬೇಕಿತ್ತು. ಮಿಲ್ಲು ಮುಚ್ಚಿ ಕೆಲಸ ಕಳೆದುಕೊಂಡಿದ್ದ ಗುರುಸಿದ್ದಪ್ಪ ಆಗಲೇ ಬಂದು ಹಿಂದಿಯಲ್ಲಿ ವಿಚಾರಿಸಿದ. ತನ್ನ ಅರ್ಜಿ ಬುಟ್ಟಿಯಲ್ಲಿ ಕಂಡದ್ದೇ ಗಾಬರಿಗೆ ಕನ್ನಡ ಹೊರಬಿತ್ತು.

"ಅಯ್ಯಯ್ಯ! ಅದನ್ನ ಬರದಾವ ಕೋರ್ಟ್ ಮುಂದಿನ ಟೈಪಿಸ್ಟ್ ರೀ! ನನಗ ಕಬ್ಬಿಣ ತಿಕ್ಕೂ ಅರ ಹಿಡಿಯಾಕ ಬರತೈತಿ, ಅರ್ಜಿ ಬರಿಯಾಕ ಬರೂದಿಲ್ಲ."

"ನಮ್ಮ ಕಡೆಯವರೇನ್ರಿ?" ವನಜಾ ಕನ್ನಡದಲ್ಲೇ ಕೇಳಿದರು.

"ರಾಯಚೂರ್ ರೀ ಅಕ್ಕಾರ. ಇದೊಂದು ಎತ್ತರಿ, ಮನ್ಯಾಗ ಒಲಿ ಹತ್ತಬೇಕು."

ವನಜಾ ಬುಟ್ಟಿಯತ್ತ ಚಾಚಿದ ಕೈ ತಡೆದರು. ತಪ್ಪು ಅವನದಲ್ಲ, ನಿಜ. ಆದರೆ ಇದೊಂದನ್ನೇ ಎತ್ತಿದರೆ ‘ಕನ್ನಡದವನು ಅಂತ ಸೇರಿಸಿದಳು’ ಎಂದು ಆಫೀಸೆಲ್ಲ ಆಡಿಕೊಳ್ಳುತ್ತದೆ. ಹೊರಗೆ ಕಾರು ಹಾರ್ನ್ ಹೊಡೆಯಿತು. ವನಜಾ ಬುಟ್ಟಿಯನ್ನೇ ಎತ್ತಿಕೊಂಡು ಓಡಿದರು.

"ಸಾರ್, ಈ ತಪ್ಪೆಲ್ಲ ಟೈಪಿಸ್ಟ್‌ಗಳದು. ನಮಗೆ ಬೇಕಿರೋದು ಫಿಟ್ಟರ್. ಇವರನ್ನೂ ಕರೆಯೋಣ."

"ಇಷ್ಟು ದಿನ ಎಸೆದದ್ದು ನೀವೇ ಅಲ್ಲವೇನಮ್ಮ?"

"ಹೌದು ಸಾರ್."

ಮ್ಯಾನೇಜರ್ ಗಡಿಯಾರ ನೋಡಿಕೊಂಡರು. ತೆಲುಗಿನಲ್ಲಿ ಏನೋ ಗೊಣಗಿ ಸಹಿ ಹಾಕಿದರು.

ಹಿಂದೆಯೇ ಓಡಿಬಂದಿದ್ದ ಗುರುಸಿದ್ದಪ್ಪ ಬುಟ್ಟಿಯೊಳಗೆ ಇಣುಕಿದ. "ಇವರೆಲ್ಲಾರೂ ಬರ್ತಾರೇನ್ರಿ? ನಾ ನಂದೊಂದ ಎತ್ತರಿ ಅಂದಿದ್ದೆ!"

"ಎಲ್ಲಾರೂ ಬರ್ತಾರ. ಸೋಮವಾರ ಪರೀಕ್ಷೆಗೆ ಲಗೂನ ಬರ್ರಿ, ಸಾಲು ಭಾಳ ಉದ್ದ ಇರತೈತಿ."